ಆಳೆತ್ತರದ ಗಾಜು

ಇದನ್ನು ಹೇಳಲು ಕೂತದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡಬೇಕು. ಇದು ಇನ್ನೊಬ್ಬರ ಮನೆಯ ಬಾಗಿಲಿನ ವಿಷಯ. ಬಾಗಿಲೊಳಗೆ ನಡೆದದ್ದನ್ನು ಬೀದಿಗೆ ತರುವುದು ಒಳ್ಳೆಯವರ ಲಕ್ಷಣವಲ್ಲ ಎಂದು ಹಿರಿಯರು ಹೇಳುತ್ತಾರೆ, ಅದು ಸರಿಯೂ ಹೌದು. ಕತೆ ಹೇಳುವ ಹದ ಬಲ್ಲವರು ಹೇಳಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಆದರೆ ಬಲ್ಲವರಾರೂ ಹೇಳುತ್ತಿಲ್ಲ. ಹೇಳದೆ ನುಂಗಿಕೊಂಡರೆ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡ ಹಾಗೆ ಇರುತ್ತದೆ.

ಅಕ್ಕ ತಂಗಿ ಇಬ್ಬರಲ್ಲಿ ತಂಗಿಯ ಮನೆ ಅದು. ಗಂಡ, ಅತ್ತೆ ಮತ್ತು ಅವಳು, ಮೂರೇ ಜನ. ಹಳೆಯ ಮನೆಯೊಂದನ್ನು ಕೊಂಡು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಬಂದ ದಿನದಿಂದ ತಂಗಿಗೂ ಮುಂಬಾಗಿಲಿಗೂ ಎಣ್ಣೆ ಸೀಗೆಕಾಯಿ. ಬಾಗಿಲಿನ ಬುಡವನ್ನು ಗೆದ್ದಲು ತಿಂದು ಹಾಕಿತ್ತು. ತೇವದ ದಿನಗಳಲ್ಲಿ ಅದು ಉಬ್ಬಿಕೊಂಡು, ತೆರೆಯಲು ಭುಜ, ಮುಚ್ಚಲು ಸೊಂಟ ಬೇಕಾಗುತ್ತಿತ್ತು. ಈ ಬಾಗಿಲಿಗೆ ನನಗಿಂತ ವಯಸ್ಸಾಗಿದೆ, ಆದರೂ ಹಟದಲ್ಲಿ ನನ್ನ ಸಮಕ್ಕೆ ಬರಲಾರದು ಎಂದು ಅತ್ತೆ ನಗುತ್ತಿದ್ದರು. ಬಾಗಿಲೊಳಗಿನ ಸಣ್ಣ ಪಡಸಾಲೆಯಲ್ಲಂತೂ ನಡುಹಗಲಲ್ಲೇ ಕತ್ತಲೆ. ಚಪ್ಪಲಿ ಹುಡುಕಲಿಕ್ಕೂ ದೀಪ ಹಾಕಬೇಕು.

ತಂಗಿ ಕೆಲಸ ಮಾಡುತ್ತಿದ್ದದ್ದು ಲಾಂಡ್ರಿಯೊಂದರಲ್ಲಿ, ಬಟ್ಟೆ ತೆಗೆದುಕೊಂಡು ಚೀಟಿ ಕೊಡುವ ಕೌಂಟರಿನ ಹಿಂದೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಒಂದು ಮನೆಗೆ ಬಾಗಿಲಿನ ಪಕ್ಕಕ್ಕೇ, ನೆಲದಿಂದ ಮೇಲಿನ ತನಕ, ಆಳೆತ್ತರದ ಗಾಜು ಕೂರಿಸಿದ್ದರು. ಅದರೊಳಗೆ ಬಿಸಿಲು ಚಾಪೆ ಹಾಸಿದ ಹಾಗೆ ಬಿದ್ದಿರುತ್ತಿತ್ತು. ನಮಗೂ ಅಂಥದ್ದೇ ಬೇಕು ಎಂದು ಅವಳು ಗಂಡನಿಗೆ ಕಾಗದದ ಮೇಲೆ ಗೀಚಿ ತೋರಿಸಿದಳು. ಗಂಡ ಸಿಟಿ ಬಸ್ಸಿನ ಡ್ರೈವರ್. ದಿನವಿಡೀ ದೊಡ್ಡ ಗಾಜಿನ ಹಿಂದೆ ಕೂತು ಬಂದವನಿಗೆ ಮನೆಯಲ್ಲೂ ಒಂದು ಇರಲಿ ಅನ್ನಿಸಿತು. ಬಡಗಿ ಬಂದು ಅಳತೆ ತೆಗೆದುಕೊಂಡ. ಬಾಗಿಲು, ಗಾಜು ಎರಡಕ್ಕೂ ಸೇರಿಸಿ ಒಂದೇ ಚೌಕಟ್ಟು. ಅದನ್ನು ಕೂರಿಸಲು ಗೋಡೆಯನ್ನು ಒಂದು ಬದಿಗೆ ಒಡೆಯಬೇಕು. ಅಳತೆಗೆ ಕುಯ್ದ ಮರ ಬೇರೆಯವರಿಗೆ ಆಗುವುದಿಲ್ಲ, ಆಮೇಲೆ ಬೇಡ ಅನ್ನಬಾರದು ಎಂದು ಹೇಳಿಯೇ ಹೋದ.

ಅವನು ಮರ ಕುಯ್ದ ಮೇಲೆ ಅಕ್ಕ ಬಂದಳು.

ಒಂದು ಚೀಲ, ಮೈಮೇಲಿನ ಹಸಿರು ಶಾಲು, ಅಷ್ಟೇ. ತಂಗಿ ಅವಳನ್ನು ಒಳಗೆ ಕರೆದುಕೊಂಡು ಕೂರಿಸಿ, ಭಾವ ಹೊಡೆದರೇ ಎಂದು ಕೇಳಿದಳು. ಅಕ್ಕ ಇಲ್ಲವೆಂದು ತಲೆಯಾಡಿಸಿದಳು. "ಹೊಡೆದಿದ್ರೆ ಹೇಳೋಕೆ ಸುಲಭ ಆಗ್ತಿತ್ತು ಕಣೇ."

ಅಕ್ಕನ ಗಂಡ, ಅಂದರೆ ಆ ಭಾವ, ಬೇರೆ ಊರಿನಲ್ಲಿ ಒಂದು ಸಾಗಣೆ ಕಂಪನಿಯ ಗುಮಾಸ್ತ. ದಾರಿಯಲ್ಲಿ ಕಳೆದುಹೋದ ಮಾಲನ್ನು ಹುಡುಕಿಸುವುದು ಅವನ ಕೆಲಸ, ಅದರಲ್ಲಿ ಅವನದು ಎತ್ತಿದ ಕೈ. ದನಿ ಏರಿಸುವ ಮನುಷ್ಯನಲ್ಲ. ಹಾಲು ತರುವವರಿಗೂ ಬಹುವಚನ. ಮನೆಯಲ್ಲಿ ಮಾತ್ರ ದೀಪವಾರಿಸಿ ಕತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಅಕ್ಕ ಒಳಗೆ ಕಾಲಿಟ್ಟ ಮೇಲೆ, ಅವಳು ದೀಪದ ಗುಂಡಿಗಾಗಿ ಗೋಡೆ ತಡವುತ್ತಿರುವಾಗ, ಎಲ್ಲಿಂದಲೋ ಅವನ ಉಸಿರು ಕೇಳುತ್ತಿತ್ತು. ಹಿಂದೊಮ್ಮೆ ಅವಳು ಗೆಳತಿಯ ಮನೆಗೆ ಓಡಿಹೋಗಿದ್ದಳು. ಅವನು ಹುಡುಕಿಕೊಂಡು ಬಂದು, ಗೆಳತಿಗೆ ಕೈಮುಗಿದು, ಅಕ್ಕನ ಚೀಲವನ್ನು ತಾನೇ ಹೊತ್ತುಕೊಂಡು ಕರೆತಂದಿದ್ದ. ಮನೆಗೆ ಬಂದ ಮೇಲೆ ಹೇಳಿದ್ದು ಒಂದೇ ಮಾತು. "ಒಂದು ಸಲ ಹೋದ್ರೆ ಹುಡುಕಿ ತರ್ತೀನಿ. ಎರಡನೇ ಸಲ ತರೋದಕ್ಕೆ ನೀನಿರಲ್ಲ."

ಇದು ಎರಡನೇ ಸಲ.

ತಂಗಿಯ ಊರು ಭಾವನಿಗೆ ಗೊತ್ತಿತ್ತು, ಹೊಸ ಮನೆ ಗೊತ್ತಿರಲಿಲ್ಲ. ಕೆಲವು ದಿನ ಕಳೆದು ಫೋನು ಬಂತು. ತಂಗಿಯ ಗಂಡ ಎತ್ತಿಕೊಂಡು, ಇಲ್ಲ ಭಾವ, ಇಲ್ಲಿಗೆ ಬಂದಿಲ್ಲ, ನಮಗೂ ಗಾಬರಿ ಎಂದ. ಆಚೆಯಿಂದ ಆಗಲಿ ಎಂಬ ಮಾತು ಬಂತು, ಆಮೇಲೆ ಎಲ್ಲರ ಆರೋಗ್ಯ ವಿಚಾರಿಸಿದ್ದಾಯಿತು. ಫೋನಿಟ್ಟ ಮೇಲೆ ಗಂಡನ ಅಂಗೈ ಒದ್ದೆಯಾಗಿತ್ತು. ಲಾರಿಗಳ ನಡುವೆ ಬಸ್ಸು ತೂರಿಸುವವನಿಗೆ ಸುಳ್ಳೊಂದು ಬೆವರಿಳಿಸಿತಲ್ಲ ಎಂದು ಅತ್ತೆ ಅಂದರು.

ಅಂದಿನಿಂದ ಮನೆಗೆ ಕಟ್ಟಳೆಗಳು ಬಂದವು. ಅಕ್ಕ ಇರುವುದು ಅಕ್ಕಪಕ್ಕದವರಿಗೆ ತಿಳಿಯಬಾರದು. ಗಂಡ ಮೊದಲ ಪಾಳಿ ಕೇಳಿ ಹಾಕಿಸಿಕೊಂಡ. ತಂಗಿ ಲಾಂಡ್ರಿಯಿಂದ ಬೇಗ ಹೊರಡುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಮನೆಮಂದಿಯೆಲ್ಲ ಒಳಗಿರಬೇಕು, ಆಮೇಲೆ ಚಿಲಕ ತೆಗೆಯಬಾರದು, ಯಾರೂ ಹೊರಗೆ ಹೆಜ್ಜೆಯಿಡಬಾರದು. ಈ ಮಾತು ತಂಗಿಯದೇ. ಎಲ್ಲರೂ ಅದನ್ನು ಚಾಚೂ ತಪ್ಪದೆ ಪಾಲಿಸಿದರು.

ಇಷ್ಟರಲ್ಲಿ ಚೌಕಟ್ಟು ಸಿದ್ಧವಾಯಿತೆಂದು ಬಡಗಿ ಹೇಳಿಕಳಿಸಿದ. ಗಾಜು ಬೇಡ ಎನ್ನಲು ತಂಗಿ ಅವನ ಅಂಗಡಿಗೇ ಹೋದಳು. ಯಾಕೆ ಬೇಡ ಎಂದು ಅವನು ಕೇಳಿದ. ಅದನ್ನೇ ಅವಳು ಹೇಳುವಂತಿರಲಿಲ್ಲ. ಸುಮ್ಮನೆ ಅನ್ನಿಸಿತು ಎಂದಳು. ಅವನು ಗೋಡೆಗೆ ಆನಿಸಿದ್ದ ಚೌಕಟ್ಟನ್ನು ತೋರಿಸಿದ. ಅವಳು ಗೀಚಿ ಕೊಟ್ಟಿದ್ದೇ ಎದ್ದು ನಿಂತಿತ್ತು. ಯಾರಿಗೂ ಅನುಮಾನ ಬರಬಾರದೆಂದು ಸಾಕಿಕೊಂಡ ಗುಟ್ಟನ್ನು ಬಿಟ್ಟುಕೊಡದ ಕಾರಣವೊಂದನ್ನು ಹೊಂದಿಸಲಾಗದೆ, ಆಗಲಿ ತನ್ನಿ ಎಂದು ಅವಳು ಬಂದುಬಿಟ್ಟಳು. ಬರುವಾಗ ದಪ್ಪನೆಯ ಬಟ್ಟೆ ಕೊಂಡು, ಪರದೆ ಹೊಲಿಯಲು ಕೂತಳು.

ಬಾಗಿಲು ಬದಲಾಯಿಸಿದ ದಿನ ಅಕ್ಕ ಹಿಂದಿನ ಕೋಣೆಯಲ್ಲಿ ಕದ ಹಾಕಿಕೊಂಡು ಮಂಚದ ಮೇಲೆ ಕೂತಿದ್ದಳು. ಬಡಗಿ ಹಳೆಯ ಬಾಗಿಲನ್ನು ಕಳಚಿ ಅಂಗಳದಲ್ಲಿ ಮಲಗಿಸಿದಾಗ ಗೆದ್ದಲಿನ ಪುಡಿ ಜೋಳದ ಹಿಟ್ಟಿನಂತೆ ಉದುರಿತು. ಆಮೇಲೆ ಗೋಡೆಗೆ ಉಳಿ ಬಿತ್ತು. ಇಟ್ಟಿಗೆ ಕಳಚುತ್ತ ಕಳಚುತ್ತ ಮನೆ ಬಾಯಿ ತೆರೆಯಿತು. ಬೀದಿಯಲ್ಲಿ ಹೋಗುವವರು ಕತ್ತು ಚಾಚಿ ನೋಡಿದರು. ತಂಗಿ ಆ ತೂತಿನೆದುರು ಸ್ಟೂಲು ಹಾಕಿಕೊಂಡು, ಮಾಡಲು ಕೆಲಸವಿಲ್ಲದೆ ಕೈಕಟ್ಟಿ, ಹೊತ್ತು ಇಳಿಯುವವರೆಗೂ ಕೂತಳು. ಅಮ್ಮಾ, ಗೋಡೆ ಕಳ್ಳರು ಯಾರೂ ಇಲ್ಲ ಇಲ್ಲಿ, ಏಳಿ, ದೂಳು ಬರುತ್ತದೆ ಎಂದು ಬಡಗಿ ಹೇಳಿದ. ಅವಳು ಏಳಲಿಲ್ಲ. ಚೌಕಟ್ಟು ಎದ್ದಿತು. ಅಡಿಗೆ ಬೆಣೆ ಹೊಡೆದು, ರಸಮಟ್ಟ ಇಟ್ಟು, ಗಾಳಿಗುಳ್ಳೆ ನಡುವಿಗೆ ಬರುವ ತನಕ ಬಡಗಿ ತಟ್ಟುತ್ತಲೇ ಇದ್ದ. ಗಾಜನ್ನು ಕೂರಿಸಿ ಸುತ್ತ ಮರದ ಪಟ್ಟಿ ಬಡಿದಾಗ ಪಡಸಾಲೆಯ ನೆಲ ಎಂದೂ ಕಾಣದಷ್ಟು ಬೆಳ್ಳಗೆ ಕಂಡಿತು. ಮೂಲೆಯಲ್ಲಿ ಹಿಂದೆ ಆ ಮನೆಯಲ್ಲಿದ್ದವರ ಬಳೆಚೂರೂ ಕಂಡಿತು.

ಪರದೆ ಕಟ್ಟಲು ಹೊರಟ ತಂಗಿಯನ್ನು ನೋಡಿ ಬಡಗಿಗೆ ಬೇಸರವಾಯಿತು. ಬೆಳಕಿಗೆ ಗಾಜು ಹಾಕಿ ಗಾಜಿಗೆ ಪರದೆ ಹಾಕುವುದು ಯಾವ ನ್ಯಾಯ ಎಂದ. ನಾಚಿಕೆಯಾದರೆ ಕನ್ನಡಿಯಂಥ ಹಾಳೆ ಅಂಟಿಸಿಕೊಡುತ್ತೇನೆ, ಒಳಗಿನವರಿಗೆ ಬೀದಿ ಕಾಣುತ್ತದೆ, ಬೀದಿಯವರಿಗೆ ಅವರ ಮುಖವೇ ಕಾಣುತ್ತದೆ ಎಂದ. ಮಾರನೆಯ ದಿನ ಬೆಳಿಗ್ಗೆ ಬಂದು, ಸಾಬೂನು ನೀರು ಬಳಿದು, ಹಾಳೆ ಅಂಟಿಸಿ, ಗುಳ್ಳೆಯೇಳದಂತೆ ಸವರಿ ಹೋದ. ಅವನು ಹೇಳಿದ್ದರಲ್ಲಿ ಸುಳ್ಳೊಂದೂ ಇರಲಿಲ್ಲ. ಹಗಲಲ್ಲಿ ಎಂಬ ಒಂದು ಮಾತು ಸೇರಿಸಬೇಕಿತ್ತು. ಅದು ಎಲ್ಲರಿಗೂ ಗೊತ್ತಿರುವುದೇ ಎಂದುಕೊಂಡನೋ ಏನೋ.

ಅವನ ಮಾತನ್ನು ಕುರುಡಾಗಿ ನಂಬುವ ಮನೆಯಲ್ಲ ಅದು. ಅಂದೇ ಪರೀಕ್ಷೆ ನಡೆಯಿತು. ಅಕ್ಕನನ್ನು ಗಾಜಿನ ಹಿಂದೆ ನಿಲ್ಲಿಸಿ ಒಬ್ಬೊಬ್ಬರೇ ಹೊರಗೆ ಹೋಗಿ ನೋಡಿದರು. ಗಂಡ ಮೂಗು ತಾಗಿಸಿ ನೋಡಿದ. ತಂಗಿ ಬಲಗಡೆಯಿಂದ, ಎಡಗಡೆಯಿಂದ, ಕೂತು, ನಿಂತು ನೋಡಿದಳು. ಅತ್ತೆ ಹೊರಗೆ ನಿಂತು, ಯಾರೋ ಮುದುಕಿ ಬಂದಿದ್ದಾಳೆ, ಒಳಗೆ ಬಿಟ್ಟುಕೊಳ್ಳಬೇಡಿ ಎಂದರು. ಗಾಜಿನ ಹಿಂದೆ ಅಕ್ಕ ನಕ್ಕಳು. ಆ ಮನೆಗೆ ಬಂದ ಮೇಲೆ ಅದೇ ಮೊದಲ ನಗು. ಹೊರಗಿದ್ದವರಿಗೆ ಅದು ಕೇಳಿಸಿತು, ಕಾಣಲಿಲ್ಲ. ತಂಗಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅಲ್ಲಿಂದ ಮುಂದೆ ಅಕ್ಕನ ಜಾಗವೇ ಅದಾಯಿತು. ಹಿಂದಿನ ಕೋಣೆಯಲ್ಲಿ ಮುದುಡಿ ಕೂರುತ್ತಿದ್ದವಳು ಗಾಜಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ನೀಲಿ ಉಣ್ಣೆ ಹಿಡಿದು ಹೆಣೆಯುತ್ತ ಬೀದಿ ನೋಡತೊಡಗಿದಳು. ಯಾರ ನಾಯಿ ಯಾವ ಕಂಬಕ್ಕೆ ಹೋಗುತ್ತದೆ, ಎದುರುಮನೆಯವಳು ಕಿಟಕಿಯ ಕುಂಡಗಳಿಗೆ ಎಷ್ಟು ಸಲ ನೀರು ಹಾಕುತ್ತಾಳೆ, ಎಲ್ಲವನ್ನೂ ಊಟಕ್ಕೆ ಕೂತಾಗ ಹೇಳುತ್ತಿದ್ದಳು. ಎದುರುಮನೆಯವಳಿಗೆ ಅತ್ತೆ ಕುಂಡದಮ್ಮ ಎಂದು ಹೆಸರಿಟ್ಟಿದ್ದರು. ಅಕ್ಕನ ಕೆನ್ನೆ ಸ್ವಲ್ಪ ತುಂಬಿಕೊಂಡಿತು. ನನ್ನ ಆಸೆಯ ಗಾಜು ಯಾರಿಗೋ ಉಪಕಾರವಾಯಿತಲ್ಲ ಎಂದು ತಂಗಿ ಒಳಗೊಳಗೇ ಹಿಗ್ಗಿದಳು. ಹೊಲಿದ ಪರದೆ ಪೆಟ್ಟಿಗೆ ಸೇರಿತು.

ಸಂಜೆ ದೀಪ ಹಾಕಿದ ಮೇಲೂ ಅಕ್ಕ ಅಲ್ಲಿಂದ ಏಳುತ್ತಿರಲಿಲ್ಲ. ಕತ್ತಲಾದರೆ ಅವಳಿಗೆ ಉಸಿರು ಕಟ್ಟುತ್ತಿತ್ತು, ಪಡಸಾಲೆಯ ದೀಪವೇ ಮನೆಯಲ್ಲೆಲ್ಲ ದೊಡ್ಡದು. ಆ ಹೊತ್ತಿಗೆ ಗಾಜಿನಲ್ಲಿ ಬೀದಿ ಕಾಣುತ್ತಿರಲಿಲ್ಲ, ಒಳಗಿನವರ ಮುಖವೇ ಕಾಣುತ್ತಿತ್ತು. ಹೊರಗೂ ಕನ್ನಡಿ, ಒಳಗೂ ಕನ್ನಡಿ, ಒಂದು ಕೊಂಡರೆ ಒಂದು ಉಚಿತ ಎಂದರು ಅತ್ತೆ. ಅಕ್ಕ ಅದರೆದುರು ಜಡೆ ಬಿಚ್ಚಿ ಬಾಚಿಕೊಳ್ಳುತ್ತಿದ್ದಳು. ಒಂದೊಂದು ದಿನ ಬಾಚಣಿಗೆ ನಿಲ್ಲಿಸಿ ತನ್ನ ಮುಖವನ್ನೇ ಬಹಳ ಹೊತ್ತು ನೋಡಿಕೊಳ್ಳುತ್ತಿದ್ದಳು, ಕಳೆದುಹೋದದ್ದು ಸಿಕ್ಕಿದೆಯೋ ಇಲ್ಲವೋ ಎಂದು ನೋಡುವವರಂತೆ. ಆ ಹೊತ್ತಿನಲ್ಲಿ ಹೊರಗೆ ಹೋಗಿ ನೋಡಲು ಮನೆಯಲ್ಲಿ ಯಾರಿಗೂ ಅಪ್ಪಣೆಯಿರಲಿಲ್ಲ. ಆ ಅಪ್ಪಣೆಯಿಲ್ಲದಂತೆ ಮಾಡಿದವಳು ತಂಗಿ.

ಒಂದು ದಿನ ಲಾಂಡ್ರಿಯ ಯಂತ್ರ ಕೆಟ್ಟಿತು. ಒದ್ದೆ ಬಟ್ಟೆಗಳನ್ನು ಕೈಯಲ್ಲೇ ಹಿಂಡಿ ಹರವಬೇಕಾಗಿ ಬಂದು, ತಂಗಿ ಹೊರಟಾಗ ಬೀದಿದೀಪಗಳು ಹತ್ತಿಕೊಂಡಿದ್ದವು. ಕಟ್ಟಳೆ ಮುರಿದೆನಲ್ಲ ಎಂದು ಅರ್ಧ ಓಡುತ್ತ, ಅರ್ಧ ನಡೆಯುತ್ತ ತನ್ನ ಬೀದಿಯ ತಿರುವಿಗೆ ಬಂದಳು. ಬಂದವಳು ಅಲ್ಲೇ ನಿಂತಳು.

ಬೀದಿಯ ಮಬ್ಬಿನಲ್ಲಿ ಅವಳ ಮನೆಯೊಂದೇ ಧಗಧಗ ಹೊಳೆಯುತ್ತಿತ್ತು. ಗಾಜಿನಲ್ಲಿ ಅಕ್ಕ ಅಡಿಯಿಂದ ಮುಡಿಯ ತನಕ ಇದ್ದಳು. ಬಟ್ಟೆಯಂಗಡಿಯ ಮುಂದಿನ ಗೊಂಬೆಯೂ ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಹಸಿರು ಶಾಲು ಕಾಣುತ್ತಿತ್ತು, ಪಾದದ ಬಳಿಯ ನೀಲಿ ಉಣ್ಣೆಯ ಉಂಡೆ ಕಾಣುತ್ತಿತ್ತು, ಬಾಚಣಿಗೆಯ ಹಲ್ಲೂ ಎಣಿಸಬಹುದಿತ್ತು. ಅಕ್ಕ ಕಣ್ಣು ನೆಟ್ಟು ನೇರ ಬೀದಿಯನ್ನೇ ನೋಡುತ್ತಿದ್ದಳು, ಬೀದಿ ಮಾತ್ರ ಅವಳಿಗೆ ಕಾಣುತ್ತಿರಲಿಲ್ಲ. ಸೈಕಲ್ಲಿನವನೊಬ್ಬ ಹೋಗುತ್ತ ಹೋಗುತ್ತ ಅತ್ತ ತಿರುಗಿ ನೋಡಿದ, ದಿನವೂ ನೋಡುವ ಗಡಿಯಾರವನ್ನು ನೋಡುವಂತೆ.

ಕುಂಡದಮ್ಮ ಕಿಟಕಿಯಲ್ಲಿ ನೀರು ಹಾಕುತ್ತಿದ್ದಳು. ಏನಮ್ಮಾ ಇವತ್ತು ತಡ ಎಂದಳು. ಆಮೇಲೆ, ಕೇಳಲೆಂದೇ ಕಾದಿದ್ದವಳಂತೆ, ಒಳಗಿರುವವರು ನಿಮ್ಮಕ್ಕ ತಾನೇ, ಮೂಗು ನೋಡಿದರೇ ಗೊತ್ತಾಗುತ್ತದೆ, ಆ ನೀಲಿ ಸ್ವೆಟರಿಗೆ ಇನ್ನೊಂದು ತೋಳು ಬಾಕಿ ಅಲ್ಲವೇ ಎಂದು ಕೇಳಿದಳು.

"ಅವರನ್ನ ನೋಡೋಕೆ ಒಬ್ರು ಬಂದಿದ್ರಲ್ಲ ಮೊನ್ನೆ ಸಂಜೆ," ಎಂದಳು ಕುಂಡದಮ್ಮ. "ನಿಮ್ಮ ಗಾಜಿನ ಮುಂದೇನೇ ನಿಂತಿದ್ರು. ಬಾಗಿಲು ತಟ್ಟಿ ಅಂದೆ. ಬೇಡಮ್ಮ, ಆರಾಮಾಗಿದ್ದಾಳಲ್ಲ, ಅಷ್ಟು ಸಾಕು ಅಂದ್ರು."

ಹೇಗಿದ್ದರು ಎಂದು ಕೇಳಿದ್ದಕ್ಕೆ, ಹೇಗೆಂದರೆ ಹೇಗೆ, ಎಲ್ಲರ ಹಾಗೆ ಇದ್ದರು, ಉದ್ದವೂ ಅಲ್ಲ, ಕುಳ್ಳೂ ಅಲ್ಲ, ಮಾತು ಮಾತ್ರ ಬೆಣ್ಣೆ ಎಂದಳು.

ತಂಗಿ ಮನೆಯೊಳಗೆ ಹೋದವಳೇ ಪಡಸಾಲೆಯ ದೀಪವಾರಿಸಿದಳು. ಅಕ್ಕನ ಗಂಟಲಿನಿಂದ ಸಣ್ಣ ಸದ್ದೊಂದು ಬಂತು. ಆಮೇಲೆ ಎಲ್ಲರಿಗೂ ಅರ್ಥವಾಯಿತು, ಯಾಕೆಂದರೆ ದೀಪವಾರಿದೊಡನೆ ಗಾಜು ತಿಳಿಯಾಗಿ, ಬೀದಿದೀಪ, ಎದುರುಮನೆ, ಕುಂಡ, ಎಲ್ಲ ಎದುರಿಗೆ ಬಂದು ನಿಂತವು. ಯಾರೂ ಇರಲಿಲ್ಲ ಅಲ್ಲಿ. ಗಂಡ ಪೆಟ್ಟಿಗೆಯಿಂದ ಪರದೆ ತಂದು ಮೊಳೆ ಹುಡುಕುತ್ತ, ಸುತ್ತಿಗೆಯಿಂದ ಹೆಬ್ಬೆರಳು ಜಜ್ಜಿಕೊಂಡು, ಅಯ್ಯೋ ಎನ್ನಲೂ ಮರೆತು ನಿಂತ. ತಂಗಿ ತಡವರಿಸುತ್ತ ಕುಂಡದಮ್ಮನ ಮಾತನ್ನು ಹೇಳಿದಳು. ನನ್ನಿಂದಲೇ ಆಯಿತು, ನನ್ನ ಗಾಜು, ನನ್ನ ಕಟ್ಟಳೆ ಎಂದು ಅಳತೊಡಗಿದಳು. ಅಕ್ಕ ಕತ್ತಲಲ್ಲೇ ಅವಳ ಕೈ ಹಿಡಿದು, ಆಮೇಲೆ ಅಳುವಿಯಂತೆ, ಅವರು ಏನಂದರೆಂದು ಸರಿಯಾಗಿ ಹೇಳು ಎಂದಳು. ತಂಗಿ ಮತ್ತೆ ಹೇಳಿದಳು.

"ಆರಾಮಾಗಿದ್ದಾಳಲ್ಲ ಅಂದ್ರಾ?"

"ಹ್ಞೂ."

ಅದು ದಾರಿಹೋಕರು ಯಾರಾದರೂ ಆಡಬಹುದಾದ ಮಾತು, ಬೀದಿಯಲ್ಲಿ ಎಷ್ಟೋ ಜನ ನಿಂತು ನೋಡಿರಬಹುದು ಎಂದು ಅತ್ತೆ ಧೈರ್ಯ ಹೇಳಿದರು. ಕಳೆದ ಮಾಲು ಕಣ್ಣಿಗೆ ಬಿದ್ದ ಕೂಡಲೇ ಕೈ ಹಾಕಬಾರದು, ಅದನ್ನು ಯಾರು ಇಟ್ಟುಕೊಂಡಿದ್ದಾರೆ, ಯಾವಾಗ ಮನೆಯಲ್ಲಿರುತ್ತಾರೆ, ಯಾವಾಗ ಇರುವುದಿಲ್ಲ ಎಂದು ಮೊದಲು ನೋಡಿಕೊಳ್ಳಬೇಕು ಎಂಬುದು ತನ್ನ ಗಂಡನ ಮಾತು ಎಂದು ಅಕ್ಕ ಹೇಳಿದಳು.

ಅತ್ತೆಯ ತಂಗಿಯೊಬ್ಬರು ದೂರದ ಊರಿನಲ್ಲಿ ವಿದ್ಯಾರ್ಥಿನಿಯರಿಗೆ ಕೋಣೆಗಳನ್ನು ಬಾಡಿಗೆಗೆ ಕೊಟ್ಟುಕೊಂಡು ಇದ್ದರು. ಅಕ್ಕ ಅಲ್ಲಿಗೆ ಹೋಗುವುದೆಂದು ತೀರ್ಮಾನವಾಯಿತು. ಮಾರನೆಯ ದಿನ ನಸುಕಿನಲ್ಲಿ ಗಂಡ ಡಿಪೋದಿಂದ ಮೊದಲ ಬಸ್ಸು ತೆಗೆದು ಬೀದಿಯ ತುದಿಯಲ್ಲಿ ನಿಲ್ಲಿಸಿದ. ಅಲ್ಲಿ ನಿಲ್ದಾಣವೇ ಇರಲಿಲ್ಲ, ಅವನ ನೌಕರಿಯಲ್ಲಿ ಅವನು ಮುರಿದ ಮೊದಲ ನಿಯಮ ಅದು. ಅಕ್ಕ ಹಸಿರು ಶಾಲು ಬಿಟ್ಟು ಅತ್ತೆಯ ಬೂದು ಕೋಟು ತೊಟ್ಟಿದ್ದಳು. ಜೊತೆಗೆ ಅತ್ತೆಯೂ ಹೊರಟರು. ನನ್ನನ್ನು ಯಾರು ಹುಡುಕಿಕೊಂಡು ಬರುತ್ತಾರೆ, ಬಂದರೂ ಹಿಂದಕ್ಕೆ ಬಿಟ್ಟು ಹೋಗುತ್ತಾರೆ ಎಂದು ಸೊಸೆಯ ಗಲ್ಲ ತಟ್ಟಿ ಹೋದರು.

ಅಂದು ತಂಗಿ ಲಾಂಡ್ರಿಗೆ ಹೋಗಲಿಲ್ಲ. ಅಕ್ಕ ಬಿಟ್ಟುಹೋದ ಕುರ್ಚಿಯಲ್ಲಿ ಕೂತಿದ್ದಳು. ಪರದೆಯನ್ನು ಒಂದಿಷ್ಟು ಸರಿಸಿದ್ದಳು, ಬೀದಿ ಕಾಣಬೇಕಲ್ಲ. ಮಧ್ಯಾಹ್ನದ ಬಿಸಿಲು ಗೋಡೆಗಳ ಮೇಲೆ ಸುರಿಯುತ್ತಿದ್ದಾಗ ಭಾವ ಬೀದಿಯ ಇನ್ನೊಂದು ತುದಿಯಿಂದ ನಡೆದು ಬಂದ. ಯಾವ ಮನೆಯ ಕಡೆಗೂ ಕಣ್ಣು ಹೊರಳಿಸಲಿಲ್ಲ. ನೇರ ಬಂದು ಗಾಜಿನೆದುರು ನಿಂತ.

ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಅವನಿಗೆ ಕಾಣುತ್ತಿರುವುದು ಅವನ ಮುಖವೇ ಎಂದು ಅವಳಿಗೆ ಗೊತ್ತಿತ್ತು. ತಾನೇ ಹೊರಗೆ ನಿಂತು ನೋಡಿದ್ದಳಲ್ಲ. ಆದರೂ ಅವನ ಕಣ್ಣು ಅವಳ ಕಣ್ಣಿನಲ್ಲೇ ಇತ್ತು. ಅವನು ಕೊರಳಪಟ್ಟಿ ಸರಿಮಾಡಿಕೊಂಡ. ಕಿವಿಯ ಮೇಲಿನ ಕೂದಲನ್ನು ಬೆರಳಿನಿಂದ ಒತ್ತಿಕೊಂಡ. ಆಮೇಲೆ ಮುಗುಳ್ನಕ್ಕ. ತನ್ನ ರೂಪ ನೋಡಿ ನಕ್ಕನೋ, ನಾದಿನಿಯನ್ನು ಕಂಡು ನಕ್ಕನೋ. ಬಾಗಿಲನ್ನು ಬಿಟ್ಟು ಗಾಜಿನ ಮೇಲೆಯೇ ಬೆರಳ ಗಿಣ್ಣಿನಿಂದ ಮೆಲ್ಲಗೆ ತಟ್ಟಿದ.

"ಬಾಗಿಲು ಚೆನ್ನಾಗಿದೆ," ಎಂದ. ಒಳಗೆ ಯಾರಾದರೂ ಇದ್ದರೆ ಮಾತ್ರ ಕೇಳುವಷ್ಟು ದನಿ.

ಅವಳು ಕದಲಲಿಲ್ಲ. ಅವನು ಕಾದ. ಕಾಯುವುದು ಅವನಿಗೆ ಕಷ್ಟವಿರಲಿಲ್ಲ. ಕೊನೆಗೆ ಬೀದಿ ದಾಟಿ ಕುಂಡದಮ್ಮನ ಕಿಟಕಿಯ ಕೆಳಗೆ ನಿಂತು ಏನೋ ಕೇಳಿದ. ಕುಂಡದಮ್ಮ ನೀರಿನ ಪಾತ್ರೆ ಹಿಡಿದ ಕೈಯನ್ನೇ ಎತ್ತಿ ಬೀದಿಯ ತುದಿಯ ಕಡೆ, ನಸುಕಿನಲ್ಲಿ ಬಸ್ಸು ನಿಂತಿದ್ದ ಕಡೆ, ತೋರಿಸಿದಳು. ಅವನು ಕೈಮುಗಿದ. ಆಮೇಲೆ ಅವಳು ತೋರಿಸಿದ ಕಡೆಗಲ್ಲ, ತಾನು ಬಂದ ಕಡೆಗೇ ಹೊರಟುಹೋದ.

ತಂಗಿ ಕೇಳಲು ಹೋದಾಗ ಕುಂಡದಮ್ಮ ಆಶ್ಚರ್ಯಪಟ್ಟಳು. ಅಂಥ ಬಾಗಿಲು ಮಾಡಿದವರು ಯಾರು ಎಂದು ಕೇಳಿದರು, ಬಡಗಿಯ ಅಂಗಡಿ ಆ ತುದಿಗಲ್ಲವೇ, ತೋರಿಸಿದೆ ಎಂದಳು. ಮೊನ್ನೆ ಸಂಜೆ ಬಂದವರೂ ಇವರೇ ಏನು ಎಂದು ಕೇಳಿದ್ದಕ್ಕೆ, ಇರಬಹುದು, ಆಗ ಬೆಳಕು ಅವರ ಮುಖದ ಮೇಲಿರಲಿಲ್ಲ, ನಿಮ್ಮಕ್ಕನ ಮೇಲಿತ್ತು ಎಂದಳು. ಬೆಳಿಗ್ಗೆ ಬಸ್ಸು ನಿಂತದ್ದನ್ನು ನೋಡಿದಿರಾ ಎಂದು ಕೇಳಲು ತಂಗಿಗೆ ಧೈರ್ಯ ಸಾಲಲಿಲ್ಲ. ನೋಡಿರದಿದ್ದರೆ ತಾನೇ ಹೇಳಿದಂತಾಗುತ್ತದಲ್ಲ. ಬಡಗಿಯನ್ನು ಕೇಳಿದರೆ, ಆ ಬಾಗಿಲನ್ನು ನೋಡಿ ವಿಚಾರಿಸಲು ಎಷ್ಟೋ ಜನ ಬರುತ್ತಾರೆ, ಯಾರೆಂದು ನೆನಪಿಟ್ಟುಕೊಳ್ಳಲಿ ಎಂದ.

ಅಕ್ಕ ಸುರಕ್ಷಿತವಾಗಿ ತಲುಪಿದ ಸುದ್ದಿ ಆ ಸಂಜೆಯೇ ಬಂತು. ಈಗಲೂ ಅಲ್ಲೇ ಇದ್ದಾಳೆ. ಅಲ್ಲಿನ ಕೋಣೆಗೆ ಕಿಟಕಿ ಮೇಲಿದೆಯಂತೆ, ಕೈಗೂ ಎಟಕುವುದಿಲ್ಲವಂತೆ. ಭಾವ ಆಮೇಲೆ ಬರಲಿಲ್ಲ, ಫೋನೂ ಮಾಡಲಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ಹೇಳುವುದು ಕಷ್ಟ. ಕುಂಡದಮ್ಮ ಆ ಕಿಟಕಿಯಲ್ಲಿ ಅವನಿಗೆ ನಿಜವಾಗಿ ಏನು ಹೇಳಿದಳು, ಮೊದಲ ಸಂಜೆ ಗಾಜಿನಾಚೆ ನಿಂತು ಜಡೆ ಬಾಚುವವಳನ್ನು ನೋಡಿದವನು ಅವನೇ ಹೌದೋ ಅಲ್ಲವೋ, ಅಕ್ಕ ಈಗಿರುವ ಊರು ಅವನಿಗೆ ಗೊತ್ತೋ ಇಲ್ಲವೋ, ಇದಾವುದೂ ಈ ಹೊತ್ತಿನವರೆಗೆ ಗೊತ್ತಾಗಿಲ್ಲ.